ಒಂದು ಲೋಟ ಕುಡಿಸಿ ಕಳಿಸಿ

ಇಸ್ಫಹಾನ್
ತೀರ್ 4, 1372

ನಾರ್ಗುಲ್ ಅಕ್ಕಾ,

ತಲುಪಿದ್ದೇನೆ. ಮೊದಲು ಬೈದು ಮುಗಿಸು, ಆಮೇಲೆ ಓದು.

ಹೇಳದೆ ಬಂದೆ, ಹೌದು. ಹೇಳಿದ್ದರೆ ನೀನು ನನ್ನ ಬೂಟು ಬಚ್ಚಿಡುತ್ತಿದ್ದೆ. ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ ಅಂತ ಅವ್ವನಿಗೆ ಹೇಳು. ಯಾಕೆ ಬಂದೆ ಅಂತ ನಿನಗೆ ಗೊತ್ತೇ ಇದೆ. ನಮ್ಮ ಅಂಗಳದಲ್ಲಿ ಆ ಮೂರು ಕೋಲು ತಲೆ ಕೂಡಿಸಿಕೊಂಡು ನಿಂತಿವೆ, ಮೂರು ವರ್ಷದಿಂದ ನಡುವೆ ಏನೂ ತೂಗುತ್ತಿಲ್ಲ. ಬೆಳಿಗ್ಗೆ ಅದರ ಮುಂದೆ ಹಾದು ಹೋಗುವಾಗೆಲ್ಲ ಅವ್ವ ಮುಖ ಆಚೆ ತಿರುಗಿಸುತ್ತಾಳೆ. ನನಗೆ ಇನ್ನು ನೋಡಲು ಆಗುವುದಿಲ್ಲ.

ಅವಳ ಮಶ್ಕ್ ಇಲ್ಲಿದೆ. ಕಣ್ಣಾರೆ ನೋಡಿದೆ. ಅದೇ ಕರಿ ಮೇಕೆಯ ತೊಗಲು, ಎಡಗಾಲಿನ ಹತ್ತಿರ ನೀನು ಹಾಕಿದ ಕೆಂಪು ದಾರದ ಹೊಲಿಗೆ. ಅವ್ವ ಹದಿನಾಲ್ಕು ವರ್ಷ ಮೊಸರು ತುಂಬಿಸಿ, ತೂಗಿ, ಕಡೆದು, ದೂಗ್ ಮಜ್ಜಿಗೆ ಮಾಡಿದ ಚೀಲವನ್ನು ಮಾವನ ಮಗ ಖುದಾಕರಂ ತನ್ನ ಅಂಗಡಿಯ ಬಾಗಿಲ ಮೇಲೆ ಕೊಕ್ಕೆಗೆ ನೇತುಹಾಕಿದ್ದಾನೆ. ಕೆಳಗೆ ಬೋರ್ಡು: ‘ನಮ್ಮಮ್ಮನ ಕೈಯ ಬೆಟ್ಟದ ದೂಗ್’. ಅವನಮ್ಮನ ಕೈ! ಅವಳಿಗೆ ಹಾಲು ಉಕ್ಕದ ಹಾಗೆ ಕಾಯಿಸಲೂ ಬರುತ್ತಿರಲಿಲ್ಲ ಅಂತ ಮಾವನೇ ಹೇಳುತ್ತಿದ್ದ.

ಈ ಬಾಗಿಲಲ್ಲೇ ಅಲ್ಲವೇ ಅವತ್ತು ಅವ್ವ ನಿಂತದ್ದು? ಕದ್ದ ಮಶ್ಕ್ ವಾಪಸ್ ಕೊಡು ಅಂತ ಕೇಳಲು ಬಂದಾಗ ಜೊತೆಗೆ ನಾನಿದ್ದೆ. ಗಿರಾಕಿಗಳು ತುಂಬಿದ್ದರು. ಅವನು ತಲೆ ಎತ್ತಿ ನೋಡಿ, “ಯಾರೋ ಬೆಟ್ಟದ ಮುದುಕಿ. ಒಂದ್ ಲೋಟ ಕುಡಿಸಿ ಕಳಿಸ್ರೋ” ಅಂದ. ಸ್ವಂತ ಸೋದರತ್ತೆಗೆ! ನನಗೆ ಆಗ ಹದಿನಾರು. ನಾನು ಬಾಯಿ ಬಿಡಲಿಲ್ಲ.

ಮಶ್ಕ್ ಇಳಿಸಿಕೊಂಡೇ ಬರುತ್ತೇನೆ. ಅದಕ್ಕೂ ಮುಂಚೆ ಈ ಬೀದಿಯಲ್ಲಿ ಅವನ ಹೆಸರು ಹೇಳಿದರೆ ಜನ ಮೂಗು ಮುಚ್ಚಿಕೊಳ್ಳಬೇಕು, ಹಾಗೆ ಮಾಡುತ್ತೇನೆ. ಹೇಗೆ ಅಂತ ಇನ್ನೂ ಗೊತ್ತಿಲ್ಲ. ಮೊಹರಂ ನಡೆಯುತ್ತಿರುವಾಗ ಕಲ್ಲು ಎಸೆಯುವ ಹಾಗಿಲ್ಲ. ಅವನು ಕರಿ ಅಂಗಿ ಹಾಕಿಕೊಂಡು, ಇಮಾಮರ ಹೆಸರಲ್ಲಿ ದಾರಿಹೋಕರಿಗೆಲ್ಲ ಪುಕ್ಕಟೆ ಶರಬತ್ತು ಹಂಚುತ್ತಾ ಅಳುತ್ತಿದ್ದಾನೆ. ಎಷ್ಟು ಚೆನ್ನಾಗಿ ಅಳುತ್ತಾನೆ ಅಂದರೆ ಒಂದು ಗಳಿಗೆ ನನಗೇ ಕರುಣೆ ಬಂತು.

ಈ ಕಾಗದವನ್ನು ಮಿನಿಬಸ್ಸಿನ ಯಾದಗಾರನ ಕೈಗೆ ಕೊಡುತ್ತೇನೆ. ಉತ್ತರ ಅವನ ಕೈಯಲ್ಲೇ ಕಳಿಸು.

ಅಸ್ಲಾನ್

•

ತೀರ್ 13

ಅಸ್ಲಾನ್,

ಬೂಟು ಬಚ್ಚಿಡುತ್ತಿರಲಿಲ್ಲ. ಒಲೆಗೆ ಹಾಕುತ್ತಿದ್ದೆ.

ಅವ್ವನಿಗೆ ಕಟ್ಟಡದ ಕೆಲಸ ಅಂತ ಹೇಳಿದೆ. “ಅವನಿಗೆ ಗೋಡೆ ಕಟ್ಟೋಕೆ ಬರುತ್ತಾ?” ಅಂತ ಕೇಳಿ, ಸುಮ್ಮನೆ ಉಣ್ಣೆ ಬಿಡಿಸುತ್ತಾ ಕೂತಳು. ನೀನು ವಾಪಸ್ ಬಾ. ಮೇಲಿನ ಹುಲ್ಲುಗಾವಲಿನಲ್ಲಿ ಕುರಿ ನೋಡುವವರಿಲ್ಲ. ಹತ್ತನೇ ಕ್ಲಾಸು ಓದಿದವನು ಕುರಿ ಕಾಯಬಾರದು ಅಂತ ಎಲ್ಲೂ ಬರೆದಿಲ್ಲ.

ಒಂದು ವಿಷಯ ಮಾತ್ರ ಕೇಳುತ್ತೇನೆ. ಮಶ್ಕನ್ನು ಮುಟ್ಟಿ ನೋಡಿದೆಯಾ? ತೊಗಲು ಮೆತ್ತಗಿದೆಯಾ, ಗಟ್ಟಿಯಾಗಿದೆಯಾ? ಕತ್ತಿನ ಹತ್ತಿರ ಮಡಿಸಿದರೆ ಬಿಳಿ ಗೆರೆ ಬೀಳುತ್ತದಾ? ದಿನಾ ತೇವ ಇಲ್ಲದಿದ್ದರೆ ಅದು ಸಾಯುತ್ತದೆ.

ಅವನು ಹೇಗಿದ್ದಾನೆ ಅಂತ ನಾನು ಕೇಳುತ್ತಿಲ್ಲ. ಬರೆಯಬೇಡ.

ನಾರ್ಗುಲ್

•

ತೀರ್ 20

ಅಕ್ಕಾ,

ಬರೆಯಬೇಡ ಅಂದರೂ ಬರೆಯಬೇಕಾಗಿದೆ, ಯಾಕೆಂದರೆ ಈಗ ನಾನು ಅವನ ಅಂಗಡಿಯಲ್ಲೇ ಕೆಲಸಕ್ಕಿದ್ದೇನೆ.

ಕಿರುಚಬೇಡ, ಕೇಳು. ಎದುರಿನ ಅಂಗಡಿಯ ಉಸ್ತಾ ಸೈಫುಲ್ಲಾ ಗೂಶ್‌ಫೀಲ್ ಕರಿಯುತ್ತಾನೆ. ಇಲ್ಲಿನವರು ಪಾಕ ಸುರಿಯುವ ಆ ಸಿಹಿಯನ್ನು ಕಚ್ಚಿಕೊಂಡು ಮೇಲೆ ಉಪ್ಪು ದೂಗ್ ಕುಡಿಯುತ್ತಾರೆ, ಅದಕ್ಕೇ ಎರಡೂ ಅಂಗಡಿ ಎದುರುಬದುರು. ಮೂರು ದಿನ ಅಲ್ಲೇ ಕಟ್ಟೆಯ ಮೇಲೆ ಕೂತು ಹೊಂಚು ಹಾಕುತ್ತಿದ್ದೆ. ನಾಲ್ಕನೇ ದಿನ ಖುದಾಕರಂ ಸೀದಾ ಬೀದಿ ದಾಟಿ ಬಂದ. ಜೇಬಲ್ಲಿ ಮುಷ್ಟಿ ಬಿಗಿ ಹಿಡಿದೆ. ಅವನು ತಬ್ಬಿಕೊಂಡೇಬಿಟ್ಟ.

“ಅತ್ತೆ ಮಗ ಕಣ್ರೀ ಇವ್ನು! ಮೀಸೆ ಬಂದುಬಿಟ್ಟಿದೆ ನೋಡ್ರೀ! ನಮ್ಮ ಅಂಗಡಿ ಇರುವಾಗ ಎದುರಂಗಡಿ ಕಟ್ಟೆ ಮೇಲೆ ಕೂತ್ಕೋತೀಯೇನೋ? ಏಳು, ಏಳು.”

ಹೊಡೆಯುವುದಕ್ಕೆ ಬಿಗಿದ ಕೈಯಲ್ಲಿ ಲೋಟ ತೊಳೆಯುತ್ತಿದ್ದೇನೆ. ಅಂಗಡಿಯ ಮೇಲಿನ ಅಟ್ಟದಲ್ಲಿ ಮಲಗುವ ಜಾಗ. ಒಳಗೆ ಇದ್ದರೆ ಒಳ್ಳೆಯದೇ ಅಲ್ಲವೇ? ಬಾಗಿಲಲ್ಲಿ ನಿಂತರೆ ಮಶ್ಕ್ ನನ್ನ ತಲೆಯ ಮೇಲೆ ಮೂರು ಮೊಳ.

ಮುಟ್ಟಿ ನೋಡಿದೆ. ಅಕ್ಕಾ, ಅದರೊಳಗೆ ಹುಲ್ಲು. ಉಬ್ಬಿ ಕಾಣಲಿ ಅಂತ ಒಣ ಹುಲ್ಲು ತುರುಕಿ ಬಾಯಿ ಹೊಲಿದಿದ್ದಾನೆ. ದೂಗ್ ಮಾಡುವುದು ಹಿಂದಿನ ಕೋಣೆಯಲ್ಲಿ, ಕಾರ್ಖಾನೆಯ ಮೊಸರಿಗೆ ನಲ್ಲಿ ನೀರು ಸುರಿದು, ಉಪ್ಪು, ಒಣ ಪುದೀನ ಹಾಕಿ, ಯಂತ್ರದಲ್ಲಿ ತಿರುಗಿಸಿ. ಕುಡಿದ ಜನ “ಆಹಾ, ಬೆಟ್ಟದ ಗಾಳಿ ಬಂದ ಹಾಗಾಯ್ತು” ಅನ್ನುತ್ತಾರೆ. ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

ಈಗ ನನ್ನ ಉಪಾಯ ಕೇಳು. ಉಸ್ತಾ ಸೈಫುಲ್ಲಾನಿಗೆ ಗುಟ್ಟಾಗಿ ಹೇಳಿದ್ದೇನೆ, ನಿಜವಾದ ದೂಗ್ ನಾನು ಮಾಡುತ್ತೇನೆ ಅಂತ. “ತಗೊಂಡ್ ಬಾ. ಚೆನ್ನಾಗಿದ್ರೆ ನನ್ನ ಮೇಜಿನ್ ಮೇಲೇ ಇಡ್ತೀನಿ, ಅವ್ನು ಬಾಗಿಲು ಹಾಕ್ಕೊಂಡು ಹೋಗ್ಲಿ” ಅಂದ. ಅಟ್ಟದ ಮೇಲೆ ಬಕೆಟ್ಟಿನಲ್ಲಿ ಪ್ರಯತ್ನ ಮಾಡಿದೆ. ಕುರಿ ಮೊಸರು ತಂದೆ, ನೀರು ಹಾಕಿದೆ, ತೋಳು ಬೀಳುವವರೆಗೆ ಕಡೆದೆ. ಬಂದದ್ದು ಹುಳಿ ಸುಣ್ಣದ ನೀರು. ಉಸ್ತಾ ಒಂದು ಗುಟುಕು ಕುಡಿದು, “ಮಗಾ, ಗೋಡೆಗೆ ಬಳಿಯೋಕೆ ಒಳ್ಳೇದಿದೆ” ಅಂದ. ಬಕೆಟ್ಟು ಸಮೇತ ಚರಂಡಿಗೆ ಚೆಲ್ಲಿದೆ. ಅವ್ವ ನೋಡಿದ್ದರೆ ಬಿಳಿ ಪದಾರ್ಥ ಚೆಲ್ಲಿದ ಪಾಪಕ್ಕೆ ಮೂರು ದಿನ ನನ್ನ ಜೊತೆ ಮಾತು ಬಿಡುತ್ತಿದ್ದಳು.

ಚಿಕ್ಕಂದಿನಲ್ಲಿ ನಾನು ಮಶ್ಕ್ ಹತ್ತಿರ ಬಂದರೆ ನೀನು “ಹೆಂಗಸರ ಕೆಲಸ, ಹೋಗೋ” ಅಂತ ಕೋಲು ತಗೊಂಡು ಓಡಿಸುತ್ತಿದ್ದೆ. ಅದರ ಫಲ ನೋಡು. ಬರೆದು ಕಳಿಸು, ಮೊದಲಿನಿಂದ ಕೊನೆಯವರೆಗೆ.

ಅಸ್ಲಾನ್

•

ತೀರ್ 29

ಅಸ್ಲಾನ್,

ಬರೆಯುವುದಿಲ್ಲ.

ನೀನು ಮಲಗುವುದು ಅವನ ಸೂರಿನಡಿ. ನಿನ್ನ ಹಾಸಿಗೆಯ ಕೆಳಗೆ ಇಟ್ಟದ್ದು ಅವನ ಹಾಸಿಗೆಯ ಕೆಳಗೆ ಇಟ್ಟ ಹಾಗೆ. ಚೀಲ ಕೊಂಡು ಹೋದವನಿಗೆ ಈಗ ಕೈಗುಣವನ್ನೂ ಕಟ್ಟಿ ಕಳಿಸಲೇ?

ಹುಲ್ಲಿನ ವಿಷಯ ಅವ್ವನಿಗೆ ಹೇಳಿಲ್ಲ.

ನಿನ್ನ ಕಾಗದ ಮೂರು ಪುಟ ಇತ್ತು. ಯಾವಾಗ ಮಶ್ಕ್ ತರುತ್ತೀಯ ಅಂತ ಒಂದು ಸಾಲೂ ಇರಲಿಲ್ಲ.

ನಾರ್ಗುಲ್

•

ಮೊರ್ದಾದ್ 5

ಅಕ್ಕಾ,

ನೀನು ಹೆದರಿದ್ದೀಯ ಅಂತ ಗೊತ್ತಾಗುತ್ತದೆ. ಇರಲಿ. ಮಶ್ಕ್ ತರುತ್ತೇನೆ ಅಂದೆ, ತರುತ್ತೇನೆ. ಸಮಯ ನೋಡಬೇಕು. ಎಲ್ಲದಕ್ಕೂ ಚಾಕು ಹಿಡಿದು ಓಡಿದರೆ ಆಗುತ್ತದಾ?

ಇಲ್ಲಿ ದಿನ ಹೇಗೆ ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ. ಖುದಾಕರಂ ನನಗೆ ಚರ್ಮದ ಬೂಟು ಕೊಡಿಸಿದ. ಕಾಲಿಗೆ ಸರಿಯಾಗಿ ಕೂತಿದೆ. ಗಿರಾಕಿಗಳ ಹತ್ತಿರ ಹೇಗೆ ಮಾತಾಡಬೇಕು ಅಂತ ಹೇಳಿಕೊಡುತ್ತಾನೆ. ನಿನ್ನೆ, “ನನಗೂ ಹಳ್ಳಿ ಬಿಟ್ಟು ಬಂದಾಗ ಯಾರೂ ಇರಲಿಲ್ಲ ಕಣೋ” ಅಂತ ಅಂದಾಗ ಕಣ್ಣು ಒದ್ದೆಯಾಗಿತ್ತು. ಮೊಹರಂ ಅಳುವಲ್ಲ, ಬೇರೆ ಥರ. ಮನುಷ್ಯ ಪೂರ್ತಿ ಕೆಟ್ಟವನಲ್ಲವೇನೋ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ತಕ್ಷಣ ಬಾಗಿಲ ಮೇಲೆ ಕಣ್ಣು ಹೋಗುತ್ತದೆ, ಸಿಟ್ಟು ಮತ್ತೆ ಬರುತ್ತದೆ.

ಹೇಳುವುದು ಮರೆತೆ, ಅವನಿಗೆ ಮದುವೆ. ಶೋಕದ ಸಫರ್ ತಿಂಗಳು ಮುಗಿದ ಮೇಲಿನ ಗುರುವಾರ, ಶಹ್ರೀವರ್ 4ಕ್ಕೆ. ಹುಡುಗಿ ಕಂಬಳಿ ಬಜಾರಿನ ಹಾಜಿ ಫತ್‌ಹುಲ್ಲಾನ ಮಗಳು. ಊರ ಹೊರಗೆ ಅವರದೇ ತೋಟ ಇದೆ, ಅಲ್ಲೇ ಊಟ. ಹಾಜಿ ಚಿಕ್ಕಂದಿನಲ್ಲಿ ನಮ್ಮ ಬೆಟ್ಟದ ಕಡೆ ಬೇಸಿಗೆ ಕಳೆದವನಂತೆ. “ಅಂಗಡಿ ದೂಗ್ ಬೇಡಪ್ಪಾ ಅಳಿಯಾ. ನಾಲಗೆ ಮೇಲೆ ಚುರುಚುರು ಅನ್ನುತ್ತಲ್ಲ, ಆ ಮನೆ ದೂಗ್ ಮಾಡ್ಸು. ನಿಮ್ಮಮ್ಮನ ಕೈದು ಅಂತ ಬೋರ್ಡೇ ಹಾಕಿದ್ದೀಯಲ್ಲ?” ಅಂದುಬಿಟ್ಟಿದ್ದಾನೆ. ಖುದಾಕರಂನ ಮುಖ ನೋಡಬೇಕಿತ್ತು! ಅವನಿಗೂ ನನ್ನಷ್ಟೇ ಗೊತ್ತು.

ಅಟ್ಟ ಹತ್ತಿ ಬಂದು ನನ್ನ ಪಕ್ಕ ಕೂತ. “ನಾರ್ಗುಲ್ ಇನ್ನೂ ಹಾಗೇ ಇದ್ದಾಳಾ? ಮದುವೆ ಆಗ್ಲಿಲ್ವಾ?” ಅಂದ. ಇಲ್ಲ ಅಂದೆ. ಸ್ವಲ್ಪ ನಕ್ಕ. “ಅವಳಿಗೆ ಬರಿ. ನಂಗೆ ಬೇಕು ಅಂತ ಬರಿ. ಅವಳು ನಂಗೆ ಇಲ್ಲ ಅನ್ನಲ್ಲ.”

ಬರೆ ಅಂದ, ಬರೆದಿದ್ದೇನೆ. ನೀನು ಇಲ್ಲ ಅಂದೇ ಅನ್ನುತ್ತೀಯ, ಗೊತ್ತು.

ಅಸ್ಲಾನ್

•

ಮೊರ್ದಾದ್ 18

ಅಕ್ಕಾ,

ಯಾದಗಾರ ಎರಡು ಸಲ ಬಂದು ಹೋದ, ನಿನ್ನ ಕಾಗದ ಇಲ್ಲ. ಹುಷಾರಿಲ್ಲವಾ? ಅವ್ವನಿಗೆ ಏನಾದರೂ ಆಯಿತಾ? ಯಾದಗಾರನನ್ನು ಕೇಳಿದರೆ “ನಿಮ್ಮಕ್ಕ ದಿನಾ ಒರತೆ ಹತ್ರ ಬಟ್ಟೆ ಒಗೀತಿರ್ತಾಳೆ, ಬಂಡೆ ಮುರಿಯೋ ಹಾಗೆ” ಅಂದ.

ಖುದಾಕರಂ ದಿನಾ ಕೇಳುತ್ತಾನೆ, “ಬಂತಾ? ಬಂತಾ?” ನಿನ್ನೆ ಅವನನ್ನು ನೋಡಿ ಉಸ್ತಾ ಸೈಫುಲ್ಲಾ ಬೀದಿಗೆಲ್ಲ ಕೇಳುವ ಹಾಗೆ, “ಏನ್ರೀ ಮದುಮಗಾ, ಅಮ್ಮನ ಕೈ ಅಂಚೇಲಿ ಬರ್ತಾ ಇದ್ಯಾ?” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಲೋಟದ ಹಿಂದೆ ಮುಖ ಇಟ್ಟುಕೊಂಡು.

ಎರಡು ಸಾಲಾದರೂ ಬರೆ.

ಅಸ್ಲಾನ್

•

ಮೊರ್ದಾದ್ 24

ಪ್ರೀತಿಯ ತಮ್ಮ ಅಸ್ಲಾನನಿಗೆ,

ನಾವೆಲ್ಲ ಕ್ಷೇಮ. ಖುದಾಕರಂನ ಮದುವೆಯ ವಿಷಯ ತಿಳಿದು ಸಂತೋಷವಾಯಿತು. ಕೇಳಿದ್ದನ್ನು ಬರೆದಿದ್ದೇನೆ. ಈ ಕಾಗದವನ್ನು ಅವನ ಕೈಗೇ ಕೊಡು. ನನ್ನ ಕಡೆಯಿಂದ ಮದುವೆಯ ಉಡುಗೊರೆ ಅಂತ ಹೇಳು.

ಕುರಿ ಹಾಲಿನ ಮೊಸರೇ ಆಗಬೇಕು. ಹೆಪ್ಪು ಹಾಕಿ ಎರಡು ದಿನ ಬಿಟ್ಟು, ಹುಳಿ ಮೂಗಿಗೆ ತಾಗುವಷ್ಟು ಬರಲಿ. ಒಂದು ಪಾಲು ಮೊಸರಿಗೆ ಒಂದೂವರೆ ಪಾಲು ತಣ್ಣೀರು, ಒಮ್ಮೆಲೇ ಸುರಿಯಬಾರದು, ಮೂರು ಸಲ. ಕಡೆದು ಬೆಣ್ಣೆ ತೆಗೆಯಬೇಕು. ಬೆಣ್ಣೆ ಉಳಿದರೆ ನಾಲಗೆಗೆ ಅಂಟುತ್ತದೆ. ಉಪ್ಪು ಕಲ್ಲುಪ್ಪು, ಕುಟ್ಟಿದ್ದು. ಕಾಡು ಪುದೀನವನ್ನು ನೆರಳಿನಲ್ಲಿ ಒಣಗಿಸಿ ಅಂಗೈಯಲ್ಲಿ ಉಜ್ಜಿ ಹಾಕಬೇಕು. ಒಣ ಗುಲಾಬಿ ಎಸಳು ಚಿಟಿಕೆಯಷ್ಟು. ಪುದೀನದ ಒಂದು ಗಂಟು ಇದರ ಜೊತೆ ಕಳಿಸಿದ್ದೇನೆ.

ಚುರುಚುರು ಬೇಕಾದರೆ ಬಾಟಲಿಗೆ ತುಂಬಿಸುವಾಗ ಒಂದೊಂದಕ್ಕೆ ಏಳು ಒಣದ್ರಾಕ್ಷಿ ಹಾಕಿ, ಬಾಯಿ ಗಟ್ಟಿಯಾಗಿ ಮುಚ್ಚಿ, ಮೂರು ದಿನ ಇಡಬೇಕು. ನಾಲ್ಕನೇ ದಿನ ಕುಡಿಯಲು ಸರಿಯಾಗಿರುತ್ತದೆ.

ಅವ್ವ ಮಾಡುವುದು ಹೀಗೆಯೇ. ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ.

ಮದುಮಕ್ಕಳಿಗೆ ಒಳ್ಳೆಯದಾಗಲಿ.

ನಾರ್ಗುಲ್

•

ಮೊರ್ದಾದ್ 31

ನಾರ್ಗುಲ್,

ಅಕ್ಕ ಅಂತ ಬರೆಯಲು ಕೈ ಬರುತ್ತಿಲ್ಲ.

ನಾನು ಕೇಳಿದಾಗ “ಬರೆಯುವುದಿಲ್ಲ”. ಅವನು ಕೇಳಿದ ತಕ್ಷಣ ಗುಲಾಬಿ ಎಸಳು! ಪುದೀನದ ಗಂಟು! ಮದುಮಕ್ಕಳಿಗೆ ಒಳ್ಳೆಯದಾಗಲಿ! ಆ ಕಾಗದ ಹರಿದು ಹಾಕಬೇಕು ಅಂತಿದ್ದೆ, ಅವನು ಕೈಯಿಂದ ಕಿತ್ತುಕೊಂಡ. ಓದಿ ನನ್ನ ಬೆನ್ನು ತಟ್ಟಿ, “ಹೇಳಿರ್ಲಿಲ್ವಾ? ಪಾಪ, ಇನ್ನೂ ನನ್ನ ನೆನೀತಾಳೆ” ಅಂದ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಒಂದು ಕಾಲದಲ್ಲಿ ನಿಮ್ಮಿಬ್ಬರ ಮದುವೆಯ ಮಾತಾಗಿತ್ತು ನಿಜ, ಮಾತು ಮುರಿದವನು ಅವನು. ಅಷ್ಟಾದ ಮೇಲೂ ನಿನ್ನ ಮನಸ್ಸು ಅವನ ಹಿಂದೆ ಅಲೆಯುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಅವ್ವನ ಮುಖ ನೋಡಿಯಾದರೂ ನಾಚಿಕೆಯಾಗಲಿಲ್ಲವಾ?

ಇಡೀ ಬೀದಿಗೆ ಡಂಗುರ ಹೊಡೆದಿದ್ದಾನೆ. ಕುರಿ ಮೊಸರು ಡ್ರಮ್ಮುಗಟ್ಟಲೆ ಬಂದಿದೆ. ಗಾಜಿನ ಬಾಟಲಿ ಮುನ್ನೂರು. ತಗಡಿನ ಮುಚ್ಚಳ ಒತ್ತುವ ಕೈಯಂತ್ರ ಬೇರೆ ತಂದಿದ್ದಾನೆ, ಒಮ್ಮೆ ಒತ್ತಿದರೆ ಹಲ್ಲಿನಲ್ಲೂ ಬಿಚ್ಚಲು ಆಗುವುದಿಲ್ಲ. ಮೊದಲ ಲೋಟ ರುಚಿ ನೋಡಿದೆ. ನೋಡಬಾರದಿತ್ತು. ಅವ್ವನದೇ ರುಚಿ. ಅವನ ಕೈಯಲ್ಲಿ ಅವ್ವನ ರುಚಿ! ನಾಳೆ ತುಂಬಿಸಿ, ಹಾಜಿಯ ತೋಟದ ತಗಡಿನ ಕೊಟ್ಟಿಗೆಯಲ್ಲಿ ಪೇರಿಸುತ್ತೇವೆ. ಅಲ್ಲಿ ಬ್ರೆಡ್ಡು ಇಟ್ಟರೆ ಸುಡುವಷ್ಟು ಸೆಕೆ. ನಾನೇ ಹೊರಬೇಕು, ಬೇರೆ ಯಾರು?

ಮದುವೆಯ ದಿನ ಎಲ್ಲ ತೋಟದಲ್ಲಿರುತ್ತಾರೆ. ಅಂಗಡಿಯ ಬೀಗದ ಕೈ ನನ್ನ ಹತ್ತಿರ ಇರುತ್ತದೆ. ಮಶ್ಕ್ ಇಳಿಸಿಕೊಳ್ಳುತ್ತೇನೆ, ಬೋರ್ಡು ಒಡೆಯುತ್ತೇನೆ. ಮಾಡಿಯೇ ತೀರುತ್ತೇನೆ. ನೀನು ಅವನಿಗೆ ಇನ್ನೊಂದು ಉಡುಗೊರೆ ಹೆಣೆಯುತ್ತಾ ಕೂತಿರು.

ಅಸ್ಲಾನ್

•

ಶಹ್ರೀವರ್ 6

ಅಕ್ಕಾ, ಅಕ್ಕಾ, ಅಕ್ಕಾ,

ಮೂರು ಸಲ ಬರೆದೆ, ಹಿಂದಿನ ಕಾಗದದಲ್ಲಿ ಬಿಟ್ಟಿದ್ದಕ್ಕೆ.

ಯಾದಗಾರನ ಕೈಯಲ್ಲಿ ಮೂಟೆ ಬಂದಿರಬೇಕು. ಅದನ್ನು ಬಿಚ್ಚಿದೆಯೋ ಇಲ್ಲವೋ, ಮೊದಲು ಇದನ್ನು ಓದು.

ಮೊನ್ನೆ ನಾನು ಅಂಗಡಿಗೆ ಹೋಗಲು ಆಗಲೇ ಇಲ್ಲ. “ಬಾಟಲಿ ನೀನೇ ತೆಗೆದುಕೊಡಬೇಕು, ಮನೆ ಹುಡುಗ” ಅಂತ ನಿಲ್ಲಿಸಿಕೊಂಡ. ಮಧ್ಯಾಹ್ನ. ಗಂಡಸರ ಕಡೆ ಇನ್ನೂರು ಜನ, ಗೋಡೆಯಾಚೆ ಹೆಂಗಸರು. ಅನ್ನ ಬಂತು, ಕಬಾಬ್ ಬಂತು. ಹಾಜಿ ಫತ್‌ಹುಲ್ಲಾ ಬಿಳಿ ಗಡ್ಡ ನೀವಿಕೊಂಡು ಎದ್ದು ನಿಂತು, “ನಮ್ಮ ಅಳಿಯ ಅವರಮ್ಮನ ಕೈಯಿಂದ ಕಲಿತ ದೂಗ್ ತರ್ತಾ ಇದ್ದಾನೆ” ಅಂದ. ಖುದಾಕರಂ ಎದೆಯ ಮೇಲೆ ಕೈಯಿಟ್ಟು ಬಾಗಿದ. ನಾನು ಹತ್ತು ಬಾಟಲಿ ತಂದು ಊಟಕ್ಕೆ ಹಾಸಿದ ಚಾದರದ ಮೇಲೆ ಸಾಲಾಗಿ ಇಟ್ಟೆ. ಮೊದಲನೆಯದರ ಮುಚ್ಚಳಕ್ಕೆ ಅವನೇ ಓಪನರ್ ಹಾಕಿದ.

ಅಕ್ಕಾ, ಮುಚ್ಚಳ ಹಾರಿ ಅವನ ಹಣೆಗೆ ಬಡಿಯಿತು. ದೂಗ್ ಬಾಟಲಿಯಿಂದ ಮರದೆತ್ತರ ಎದ್ದು ಹಾಜಿಯ ತಲೆ, ಗಡ್ಡ, ಕೋಟು, ಅನ್ನದ ತಟ್ಟೆ, ಎಲ್ಲದರ ಮೇಲೆ ಬಿತ್ತು. ಜನ ನಗಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದೆ ಕೊಟ್ಟಿಗೆಯಲ್ಲಿ ಢಂ! ಒಂದು. ಆಮೇಲೆ ನಾಲ್ಕು. ಆಮೇಲೆ ಎಣಿಸಲಾಗಲಿಲ್ಲ. ತಗಡು ಕುಣಿಯಿತು. ಯುದ್ಧ ಮುಗಿದು ಐದು ವರ್ಷ ಆಯಿತಲ್ಲ, ಆದರೂ ಇನ್ನೂರು ಗಂಡಸರೂ ಒಟ್ಟಿಗೆ ನೆಲಕ್ಕೆ ಬಿದ್ದರು, ತಲೆಯ ಮೇಲೆ ಕೈ. ಹೆಂಗಸರ ಕಡೆಯಿಂದ ಒಬ್ಬಳು “ಕ್ಷಿಪಣಿ!” ಅಂತ ಕೂಗಿದಳು. ನಾನೂ ಬಿದ್ದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಕೊಟ್ಟಿಗೆಯ ಬಾಗಿಲ ಸಂದಿಯಿಂದ ಬಿಳಿ ಹೊಳೆ ಹರಿದು ಬಂತು, ಪುದೀನದ ಎಲೆ ತೇಲಿಸಿಕೊಂಡು. ದೇವರ ದಯೆ, ಒಳಗೆ ಯಾರೂ ಇರಲಿಲ್ಲ. ಗಾಯ ಆದದ್ದು ಒಂದೇ ಹಣೆಗೆ.

ಹಾಜಿ ನಿಧಾನವಾಗಿ ಎದ್ದ. ತುಟಿ ಮೇಲಿನದನ್ನು ನೆಕ್ಕಿದ. ಮತ್ತೊಮ್ಮೆ ನೆಕ್ಕಿದ.

“ಯಾರು ಮಾಡಿದ್ದು ಇದು?”

ಖುದಾಕರಂ ಹಣೆ ಒತ್ತಿಕೊಂಡು, “ನಾನಲ್ಲ ಹಾಜಿ, ನಾನಲ್ಲ! ನಮ್ಮ ಸೋದರತ್ತೆ ಮನೆಯವರು ಬರೆದು ಕಳಿಸಿದ್ದು! ಆ ಮಶ್ಕೂ ಅವರದ್ದೇ! ಎಲ್ಲಾ ಅವರದ್ದೇ!” ಅಂದ.

ಇನ್ನೂರು ಜನರ ಮುಂದೆ, ಅವನ ಬಾಯಿಂದಲೇ. ನಾನು ಮೂರು ವರ್ಷ ಕಲ್ಲು ಎಸೆದಿದ್ದರೂ ಆ ಮಾತು ಉದುರುತ್ತಿರಲಿಲ್ಲ.

ಹಾಜಿ ಅಂದ: “ಇದು ದೂಗ್. ಇದು ಬೆಟ್ಟದ್ದೇ. ಹಾಗಾದ್ರೆ ಮೂರು ವರ್ಷದಿಂದ ಅಮ್ಮನ ಹೆಸರಲ್ಲಿ ನೀನು ನಮ್ಗೆ ಕುಡಿಸಿದ್ದೇನು?” ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ. ಉಸ್ತಾ ಸೈಫುಲ್ಲಾ ಮಾತ್ರ ಮೂಲೆಯಲ್ಲಿ ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಂಡ. ಮದುವೆ ನಿಲ್ಲಲಿಲ್ಲ, ನಿಕಾಹ್ ಬೆಳಿಗ್ಗೆಯೇ ಆಗಿತ್ತು. ಆದರೆ ಹಾಜಿ ಅವನ ಪಕ್ಕದಿಂದ ಎದ್ದು ಹೋಗಿ ಬೇರೆ ಚಾದರದಲ್ಲಿ ಕೂತು ಊಟ ಮುಗಿಸಿದ.

ನಿನ್ನೆ ಶುಕ್ರವಾರ ಬೆಳಿಗ್ಗೆ ಮಶ್ಕ್ ಇಳಿಸಿದೆ. ಅವನು ಕೊಡಿಸಿದ ಬೂಟನ್ನು ಕಳಚಿ ಅದೇ ಕೊಕ್ಕೆಗೆ ನೇತುಹಾಕಿದೆ. ಈಗ ಉಸ್ತಾನ ಅಂಗಡಿಯಲ್ಲಿ ಮಲಗುತ್ತೇನೆ.

ನೀನು ಗೊತ್ತಿದ್ದೇ ಮಾಡಿದೆಯಾ? ಹೇಳು.

ನಾನೂ ಒಂದು ಹೇಳಬೇಕು. ಮೂರು ವರ್ಷದಿಂದ ಗಂಟಲಲ್ಲಿದೆ. ಅವತ್ತು ಖುದಾಕರಂ ಆ ಲೋಟ ತರಿಸಿ ಅವ್ವನ ಮುಂದೆ ಇಟ್ಟನಲ್ಲ, ಅವ್ವ ಮುಟ್ಟಲಿಲ್ಲ, ತಿರುಗಿ ನಡೆದುಬಿಟ್ಟಳು. ನಾನು ಕುಡಿದೆ. ಬಾಯಾರಿತ್ತು. ಕುಡಿದು, ಬಾಯಿ ಒರೆಸಿಕೊಂಡು, ಅವಳ ಹಿಂದೆ ಓಡಿದೆ. ಅವಳು ನೋಡಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಅಸ್ಲಾನ್

•

ಶಹ್ರೀವರ್ 12

ಅಸ್ಲಾನ್,

ಗೊತ್ತಿದ್ದೇ ಮಾಡಿದೆ.

ನಾನು ಬರೆದದ್ದರಲ್ಲಿ ಸುಳ್ಳಿರಲಿಲ್ಲ, ಎರಡು ಸಾಲು ಬಿಟ್ಟಿದ್ದೆ. ಬಾಟಲಿಗಳು ಮೂರು ದಿನವೂ ಒರತೆಯ ತಣ್ಣೀರಿನಲ್ಲಿ ಮಲಗಿರಬೇಕು. ಬೆಳಿಗ್ಗೆ ಸಂಜೆ ಮುಚ್ಚಳ ಸಡಿಲಿಸಿ ಉಸಿರು ಬಿಡಿಸಬೇಕು. ತೊಗಲು ತಾನೇ ಉಸಿರಾಡುತ್ತದೆ, ಗಾಜು ಆಡುವುದಿಲ್ಲ. ಮಶ್ಕ್ ತೂಗಿದ ಯಾವ ಹೆಂಗಸಿಗಾದರೂ ಇದು ಗೊತ್ತು. ಅಮ್ಮನ ಕೈಯ ದೂಗ್ ಅಂತ ಬೋರ್ಡು ಹಾಕಿದವನಿಗೆ ಗೊತ್ತಿರಬೇಕಿತ್ತು. ನಿನಗೆ ಹೇಳಲಿಲ್ಲ, ಯಾಕೆಂದರೆ ನಿನ್ನ ಮುಖ ಎಲ್ಲ ಹೇಳಿಬಿಡುತ್ತದೆ. ನೀನು ನನ್ನನ್ನು ಬೈದ ಕಾಗದ ಓದಿ, ಕೆಲಸ ಆಗುತ್ತದೆ ಅಂತ ಧೈರ್ಯ ಬಂತು. ಯುದ್ಧದ ಭಯ ಮಾತ್ರ ನನ್ನ ಲೆಕ್ಕದಲ್ಲಿರಲಿಲ್ಲ. ಆ ಹೆಂಗಸು ಕೂಗಿದ್ದಕ್ಕೆ ಬೇಜಾರಿದೆ. ಬೇರೆ ಯಾವುದಕ್ಕೂ ಇಲ್ಲ.

ಈಗ ನನ್ನ ಗಂಟಲಲ್ಲಿರುವುದು ಕೇಳು. ಅವನು ಮಶ್ಕ್ ಕದಿಯಲಿಲ್ಲ. ನಾನು ಕೊಟ್ಟೆ. ಅವ್ವ ಕುರಿ ಕರೆಯಲು ಹೋಗಿದ್ದಳು, ಸೂರ್ಯ ಮುಳುಗಿತ್ತು. “ಮದುವೆ ಆದ್ಮೇಲೆ ಇಸ್ಫಹಾನಿಗೆ ಬಂದು ನೀನೇ ತೂಗ್ತೀಯಲ್ಲ, ನಿನಗಿಂತ ಮುಂಚೆ ಅದು ಹೋಗಿರ್ಲಿ” ಅಂದ. ಹೊತ್ತು ಮುಳುಗಿದ ಮೇಲೆ ಮನೆಯಿಂದ ಬಿಳಿ ಪದಾರ್ಥ ಹೊರಗೆ ಹೋಗಬಾರದು ಅಂತ ನನಗೆ ಗೊತ್ತಿತ್ತು. ನಾನೇ ಕೊಕ್ಕೆ ಬಿಚ್ಚಿದೆ, ನಾನೇ ಅವನ ಭುಜಕ್ಕೆ ಏರಿಸಿದೆ. ಹೊಸಲಿನ ಮೇಲೆ ದೂಗಿನ ನಾಲ್ಕು ಹನಿ ಬಿದ್ದಿತ್ತು. ಅವ್ವ ಬಂದು ಆ ಹನಿ ನೋಡಿ, ನನ್ನನ್ನು ನೋಡಿ, ಬಟ್ಟೆ ತಗೊಂಡು ಒರೆಸಿದಳು. ಊರಿಗೆಲ್ಲ “ಅವ್ನು ಹೊತ್ಕೊಂಡು ಹೋದ” ಅಂದಳು. ಮೂರು ವರ್ಷ ನನಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಇದನ್ನು ಹೇಳಲು ನಾನು ಇಷ್ಟು ಕಾಯಬೇಕಿರಲಿಲ್ಲ.

“ಅವಳು ನಂಗೆ ಇಲ್ಲ ಅನ್ನಲ್ಲ” ಅಂತ ಅವನು ಹೇಳಿದ್ದನ್ನು ನೀನು ಬರೆದೆಯಲ್ಲ, ಆ ಸಾಲನ್ನು ಒರತೆಯ ಹತ್ತಿರ ಹದಿನೈದು ದಿನ ಓದಿದೆ. ಆಮೇಲೆ ಬರೆಯಲು ಕೂತೆ.

ಮೂಟೆ ಬಂತು. ಅವ್ವ ಮಶ್ಕಿನ ಬಾಯಿಯ ಹೊಲಿಗೆ ಬಿಚ್ಚಿ ಹುಲ್ಲು ತೆಗೆದು ಕತ್ತೆಗೆ ಹಾಕಿದಳು. ತೊಗಲನ್ನು ಮಡಿಸಿದಳು, ಬಿಳಿ ಗೆರೆ ಬಿತ್ತು. “ಸತ್ತಿದೆ” ಅಂದಳು. ಅಳಲಿಲ್ಲ. ಆದರೂ ಒಂದು ಇಡೀ ದಿನ ಅದನ್ನು ಕೋಲುಗಳ ನಡುವೆ ತೂಗುಹಾಕಿದಳು, ಊರು ನೋಡಲಿ ಅಂತ. ಎಲ್ಲರೂ ಬಂದು ನೋಡಿದರು. ಮಾರನೆಯ ದಿನ ಅದರ ಕತ್ತಿನ ಹಗ್ಗ ಬಿಚ್ಚಿ ಹೊಸದಕ್ಕೆ ಕಟ್ಟಿದಳು.

ಹೌದು, ಹೊಸದು. ನೀನು ಹೋದ ಮಾರನೆಯ ದಿನವೇ ಬಿಳಿ ಮೇಕೆಯ ತೊಗಲನ್ನು ಓಕ್ ಕಾಯಿಯ ಸಿಪ್ಪೆಯ ನೀರಿನಲ್ಲಿ ನೆನೆಹಾಕಿದ್ದಳು. ನೀನು ಎಲ್ಲಿಗೆ ಹೋಗಿದ್ದೀಯ ಅಂತ ಅವಳಿಗೆ ಮೊದಲೇ ಗೊತ್ತು. ನಿನಗೆ ಬರೆಯಲಾ ಅಂತ ಕೇಳಿದರೆ, “ಬೇಡ. ಹೊಸದು ಆಗ್ತಿದೆ ಅಂತ ಗೊತ್ತಾದ್ರೆ ಅವನ ಸಿಟ್ಟು ಆರಿ ಹೋಗುತ್ತೆ. ಸಿಟ್ಟು ಇರ್ಲಿ” ಅಂದಳು.

ಯಾದಗಾರ ಒಂದು ಬಾಟಲಿ ಕೊಡುತ್ತಾನೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ್ದೇನೆ. ಮುಚ್ಚಳ ಸಡಿಲವಿದೆ, ಹೆದರಬೇಡ. ಹೊಸ ಮಶ್ಕಿನ ಮೊದಲ ದೂಗ್. ಅವ್ವ ಹೇಳಿ ಕಳಿಸಿದ ಮಾತು ಇಷ್ಟೇ: “ಖುದಾಕರಂಗೆ ಒಂದ್ ಲೋಟ ಕುಡಿಸು. ಗಿರಾಕಿಗಳ ಮುಂದೆ.”

ನೀನು ಅವತ್ತು ಕುಡಿದದ್ದನ್ನು ಅವಳು ನೋಡಿದ್ದಳು. ಬಾಯಾರಿತ್ತು ಹುಡುಗನಿಗೆ ಅಂತ ಅವತ್ತೇ ನನಗೆ ಹೇಳಿದ್ದಳು.

ನಾರ್ಗುಲ್

•

ಶಹ್ರೀವರ್ 19

ಅಕ್ಕಾ,

ನಿನ್ನ ಕಾಗದ ಉಸ್ತಾನ ಕಟ್ಟೆಯ ಮೇಲೆ ಕೂತು ಓದಿದೆ. ಎರಡು ಸಲ ಓದಿದೆ. ನಾನು ಆ ಕೊನೆಯ ಸಾಲಿನ ಬಗ್ಗೆ ಏನೂ ಬರೆಯುವುದಿಲ್ಲ. ಬರೆದರೆ ಕಾಗದ ಒದ್ದೆಯಾಗುತ್ತದೆ.

ಮಧ್ಯಾಹ್ನ ಬೀದಿ ದಾಟಿದೆ. ಬೋರ್ಡು ಇಲ್ಲ, ಹಾಜಿ ತೆಗೆಸಿದನಂತೆ. ಕೊಕ್ಕೆಯಲ್ಲಿ ಬೂಟೂ ಇಲ್ಲ. ಗಿರಾಕಿಗಳು ಐದಾರು ಜನ. ಖುದಾಕರಂ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ, ಹಣೆಯಲ್ಲಿ ಮುಚ್ಚಳದ ಹಲ್ಲಿನ ಗುರುತು ಇನ್ನೂ ದುಂಡಗೆ ಇದೆ. ನನ್ನನ್ನು ನೋಡಿ ಎದ್ದ.

“ಏನೋ, ಇನ್ನೂ ಏನಾದ್ರೂ ಒಡೆಯೋದು ಬಾಕಿ ಇದ್ಯಾ?”

ನಾನು ಅವನ ಲೋಟವನ್ನೇ ತಗೊಂಡೆ, ತೊಳೆದೆ, ಅವ್ವನ ಬಾಟಲಿಯಿಂದ ತುಂಬಿಸಿ ಅವನ ಮುಂದೆ ಇಟ್ಟೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, “ಬೆಟ್ಟದ ಮುದುಕಿ ಕಳಿಸಿದ್ದಾಳೆ. ಒಂದ್ ಲೋಟ ಕುಡಿಸು ಅಂದಿದ್ದಾಳೆ.”

ಎದುರುಗಡೆ ಉಸ್ತಾ ಸೈಫುಲ್ಲಾ ಬಾಣಲೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಗಿರಾಕಿಗಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ಖುದಾಕರಂ ಲೋಟ ನೋಡಿದ, ನನ್ನನ್ನು ನೋಡಿದ. ಕುಡಿಯದಿದ್ದರೆ ಸೋತ, ಕುಡಿದರೂ ಸೋತ. ಅವನಿಗೆ ಅದು ಗೊತ್ತಾದದ್ದು ನನಗೆ ಕಂಡಿತು. ಎತ್ತಿಕೊಂಡ. ಒಂದು ಗುಟುಕು. ಆಮೇಲೆ ನಿಲ್ಲಿಸಲು ಆಗಲಿಲ್ಲ ಅವನಿಗೆ. ತಳದವರೆಗೂ ಕುಡಿದ, ಪುದೀನದ ಚೂರು ಕೂಡ ಬಿಡಲಿಲ್ಲ. ಬಾಯಿ ಒರೆಸಿಕೊಂಡ. ಕಣ್ಣು ಎತ್ತದೆ, ಸಣ್ಣ ಧ್ವನಿಯಲ್ಲಿ ಕೇಳಿದ:

“ಇನ್ನೂ ಇದ್ಯಾ?”

ಬಾಟಲಿಯಲ್ಲಿ ಅರ್ಧ ಇತ್ತು. ನಾನು ಅದನ್ನು ಹೊರಗೆ ತಂದು, ಅವನು ನೋಡುತ್ತಿರುವಾಗಲೇ, ಬಾಗಿಲ ಮುಂದಿನ ಚಿನಾರ್ ಮರದ ಬುಡಕ್ಕೆ ಸುರಿದೆ. ನಿಧಾನವಾಗಿ. ಕೊನೆಯ ಹನಿಯವರೆಗೆ.

ಸೋಮವಾರ ಯಾದಗಾರನ ಬಸ್ಸಿಗೆ ಬರುತ್ತೇನೆ. ಸುರಿದದ್ದನ್ನು ಅವ್ವನಿಗೆ ಹೇಳಬೇಡ, ಬಿಳಿ ಪದಾರ್ಥ ಚೆಲ್ಲಿದ್ದಕ್ಕೆ ಮೂರು ದಿನ ಮಾತು ಬಿಡುತ್ತಾಳೆ. ಅವನು ಕುಡಿದ, ಇನ್ನೂ ಬೇಕು ಅಂದ, ಅಷ್ಟು ಹೇಳು.

ಅಸ್ಲಾನ್